ಉಸಿರಿನ ನಳಿಗೆಯೂ ಮಂಚದ ಓರೆಯೂ

1952ರ ಆಗಸ್ಟ್ ತಿಂಗಳಲ್ಲಿ ಡೆನ್ಮಾರ್ಕಿನ ಕೋಪನ್‌ಹೇಗನ್ ನಗರವನ್ನು ಪೋಲಿಯೊ ಪಿಡುಗು ಆವರಿಸಿತ್ತು. ಉಸಿರಾಟದ ಸ್ನಾಯುಗಳು ನಿಶ್ಚೇಷ್ಟಿತವಾದ ರೋಗಿಗಳನ್ನು ಬ್ಲೆಗ್ಡಾಮ್ ಆಸ್ಪತ್ರೆಗೆ ಕರೆತರುತ್ತಿದ್ದರು. ಎದೆಯನ್ನು ಹೊರಗಿನಿಂದ ಹಿಗ್ಗಿಸುವ ಯಂತ್ರಗಳ ನೆರವು ಪಡೆದ ಮೊದಲ 31 ಮಂದಿಯಲ್ಲಿ 27 ಮಂದಿ ಮೂರೇ ದಿನಗಳಲ್ಲಿ ತೀರಿಕೊಂಡರು. ಆಗ ಬ್ಯೋರ್ನ್ ಇಬ್ಸನ್ ಎಂಬ ವೈದ್ಯರು ಹನ್ನೆರಡು ವರ್ಷದ ಬಾಲಕಿಯೊಬ್ಬಳ ಕೊರಳಿನಲ್ಲಿ ರಂಧ್ರ ಮಾಡಿಸಿ, ಶ್ವಾಸನಾಳದೊಳಕ್ಕೆ ನಳಿಗೆಯಿಳಿಸಿ, ರಬ್ಬರ್ ಚೀಲವನ್ನು ಕೈಯಿಂದ ಹಿಸುಕಿ ಗಾಳಿಯನ್ನು ಒಳಕ್ಕೆ ತಳ್ಳಿದರು. ಬಾಲಕಿ ಬದುಕಿದಳು. ಮುಂದಿನ ತಿಂಗಳುಗಳಲ್ಲಿ ಸುಮಾರು 1500 ವಿದ್ಯಾರ್ಥಿಗಳು, ನಮ್ಮ ವಾಚಕರಂತಹ ತರುಣರೇ, ಸರದಿಯಂತೆ ಹಗಲಿರುಳೂ ಚೀಲ ಹಿಸುಕಿದರು. ಅವರ ಕೈಗಳ ಕೆಲಸವನ್ನೇ ಇಂದು ವೆಂಟಿಲೇಟರ್ ಯಂತ್ರ ಮಾಡುತ್ತಿದೆ.

ಆದರೆ ಪ್ರಾಣವನ್ನುಳಿಸುವ ಆ ನಳಿಗೆಯ ಬದಿಯಿಂದಲೇ ಇನ್ನೊಂದು ಆಪತ್ತು ಒಳಹೊಗುವುದುಂಟು. ರೋಗಿಯನ್ನು ವೆಂಟಿಲೇಟರಿಗೆ ಸೇರಿಸಿ 48 ಗಂಟೆ ಕಳೆದ ಬಳಿಕ ತಲೆದೋರುವ ನ್ಯುಮೋನಿಯವನ್ನು ವೈದ್ಯರು ಪ್ರತ್ಯೇಕವಾಗಿಯೇ ಎಣಿಸುತ್ತಾರೆ. ಯಂತ್ರದ ಗಾಳಿಯೇ ರೋಗಾಣುಗಳನ್ನು ತರುತ್ತದೆಂದು ಭಾವಿಸುವುದು ಸಹಜ. ಬಹುಮಟ್ಟಿಗೆ ಅವು ಬರುವುದು ರೋಗಿಯ ಬಾಯಿ ಗಂಟಲುಗಳಿಂದಲೇ.

ಜೊಲ್ಲು ದಾರಿತಪ್ಪಿ ಶ್ವಾಸನಾಳಕ್ಕಿಳಿದರೆ ಆರೋಗ್ಯವಂತನು ಕೆಮ್ಮಿ ಹೊರದೂಡುತ್ತಾನೆ. ಮಂಪರು ಬರಿಸುವ ಔಷಧದ ವಶದಲ್ಲಿರುವ ರೋಗಿಗೆ ಆ ಶಕ್ತಿಯಿಲ್ಲ. ಬಾಯಿಯಿಂದ ಇಳಿಸಿದ ನಳಿಗೆಯಾದರೋ ಗಂಟಲಿನ ಬಾಗಿಲನ್ನು ಸದಾ ತೆರೆದಿಟ್ಟಿರುತ್ತದೆ. ಸೋರಿಕೆಯನ್ನು ತಡೆಯಲೆಂದು ನಳಿಗೆಯ ಸುತ್ತ ಗಾಳಿ ತುಂಬುವ ಪುಟ್ಟ ಚೀಲವೊಂದಿದೆ. ಅದಕ್ಕೆ ಕಫ್ ಎಂದು ಹೆಸರು. ಅದರೊಳಗಿನ ಒತ್ತಡ 20ರಿಂದ 30 ಸೆಂಟಿಮೀಟರ್ ಎತ್ತರದ ನೀರಿನ ಕಂಬದಷ್ಟಿರಬೇಕು. ಶಾಲೆಯ ಅಳತೆಪಟ್ಟಿಯುದ್ದದ ನೀರು! ಹೆಚ್ಚಾದರೆ ಶ್ವಾಸನಾಳದ ಒಳಪದರದಲ್ಲಿ ರಕ್ತಸಂಚಾರ ಕುಂದುತ್ತದೆ. ಕಡಿಮೆಯಾದರೆ ಜೊಲ್ಲು ಸೋರುತ್ತದೆ. ಸರಿಯಾಗಿದ್ದಾಗಲೂ ಚೀಲದ ಮಡಿಕೆಗಳ ಸಂದಿನಲ್ಲಿ ದ್ರವವು ತೊಟ್ಟುತೊಟ್ಟಾಗಿ ಪುಪ್ಪುಸದತ್ತ ಇಳಿಯಬಲ್ಲುದು.

ಭೌತವಿಜ್ಞಾನದ ಅಧ್ಯಾಪಕನಿಗೆ ರೋಗಿಯ ಮಂಚದ ಬಳಿ ಏನು ಕೆಲಸವೆಂದು ಕೇಳುವವರು ಮುಂದಿನ ಪ್ರಯೋಗವನ್ನು ಗಮನಿಸಬೇಕು. ಸ್ಪೇನಿನ ಬಾರ್ಸಿಲೋನಾದ ಸಂಶೋಧಕರು 19 ರೋಗಿಗಳ ಜಠರಕ್ಕೆ ವಿಕಿರಣಶೀಲ ಟೆಕ್ನೀಷಿಯಮ್ ಸೇರಿಸಿದರು. ಆರು ಗಂಟೆಗಳಲ್ಲಿ ಅರ್ಧಕ್ಕಿಳಿಯುವ ಧಾತುವದು. ರೋಗಿಗಳನ್ನು ಒಮ್ಮೆ ಸಮತಲವಾಗಿ ಅಂಗಾತ ಮಲಗಿಸಿ, ಇನ್ನೊಮ್ಮೆ ಮಂಚದ ತಲೆಭಾಗವನ್ನು 45 ಡಿಗ್ರಿ ಎತ್ತಿ, ಪುಪ್ಪುಸದ ಕಫವನ್ನು ಪರೀಕ್ಷಿಸಿದರು. ಅಂಗಾತ ಮಲಗಿದ್ದಾಗ ನಿಮಿಷಕ್ಕೆ ಸರಾಸರಿ 4154 ಎಣಿಕೆ, ಎತ್ತಿದಾಗ 954. 1992ರಲ್ಲಿ ಇದು ಪ್ರಕಟವಾಯಿತು. ಜಠರದ ದ್ರವ ಗಂಟಲಿಗೇರಿ, ಕಫ್ ದಾಟಿ, ಪುಪ್ಪುಸ ಸೇರಿದ್ದಕ್ಕೆ ಇದಕ್ಕಿಂತ ನೇರವಾದ ಸಾಕ್ಷ್ಯ ಬೇಕೆ?

ಲೆಕ್ಕ ಸುಲಭ. ಜಠರದಿಂದ ಗಂಟಲಿಗೆ 30 ಸೆಂಟಿಮೀಟರ್ ಎಂದಿಟ್ಟುಕೊಳ್ಳೋಣ. ಮಂಚವನ್ನು 30 ಡಿಗ್ರಿ ಎತ್ತಿದರೆ, ಸೈನ್ 30 ಅರ್ಧವಾದುದರಿಂದ, ದ್ರವವು 15 ಸೆಂಟಿಮೀಟರ್ ಮೇಲಕ್ಕೇರಬೇಕಾಗುತ್ತದೆ. 1999ರಲ್ಲಿ ಬಾರ್ಸಿಲೋನಾದಿಂದಲೇ ಬಂದ ಇನ್ನೊಂದು ವರದಿಯಲ್ಲಿ, ಅಂಗಾತ ಮಲಗಿದ್ದ 47 ರೋಗಿಗಳಲ್ಲಿ 11 ಮಂದಿಗೆ ನ್ಯುಮೋನಿಯ ಖಚಿತವಾಯಿತು. ಓರೆಯಾಗಿದ್ದ 39 ಮಂದಿಯಲ್ಲಿ ಇಬ್ಬರಿಗೆ ಮಾತ್ರ.

ಬಾಯಿಯನ್ನು ಶುಚಿಯಾಗಿಡುವುದು, ಕಫ್‌ನ ಮೇಲೆ ನಿಂತ ದ್ರವವನ್ನು ಹೀರಿ ತೆಗೆಯುವುದು, ಮಂಪರಿನ ಔಷಧವನ್ನು ಆದಷ್ಟು ಇಳಿಸಿ ರೋಗಿಯನ್ನು ಬೇಗ ಯಂತ್ರದಿಂದ ಬಿಡಿಸಲು ಯತ್ನಿಸುವುದು ಇವೂ ರೂಢಿಯಲ್ಲಿವೆ. ನನ್ನ ದೃಷ್ಟಿಯಲ್ಲಿ ಕೊನೆಯದೇ ಮೇಲು. ನಳಿಗೆಯೇ ಇಲ್ಲವಾದರೆ ಸೋರಿಕೆಯ ಪ್ರಶ್ನೆಯೇ ಇಲ್ಲ.

ಮಂಚದ ಓರೆಯ ಕಥೆ ಅಲ್ಲಿಗೆ ಮುಗಿಯಲಿಲ್ಲ. 2006ರಲ್ಲಿ ನೆದರ್ಲೆಂಡ್ಸಿನ ವೈದ್ಯರು ಇದನ್ನೇ ಪುನಃ ಪರೀಕ್ಷಿಸಿದಾಗ ಎರಡು ಗುಂಪುಗಳ ನಡುವೆ ಅಂತರ ಕಾಣಲಿಲ್ಲ. ಆದರೆ ಅವರು ಮಂಚದ ಕೋನವನ್ನು ನಿರಂತರವಾಗಿ ಅಳೆದಿದ್ದರು. 45 ಡಿಗ್ರಿ ಇರಬೇಕಾಗಿದ್ದ ಮಂಚಗಳು ಮೊದಲ ದಿನ ಸರಾಸರಿ 28 ಡಿಗ್ರಿಯಲ್ಲಿದ್ದವು, ಏಳನೆಯ ದಿನ ಸುಮಾರು 23ರಲ್ಲಿ. ರೋಗಿ ಜಾರುತ್ತಾನೆ, ಮಗ್ಗುಲು ಬದಲಿಸಲು, ಮೈ ಒರೆಸಲು ದಾದಿಯರು ಮಂಚವನ್ನು ತಗ್ಗಿಸಲೇಬೇಕು. ಆದುದರಿಂದಲೇ ಈಗ ತೀವ್ರ ನಿಗಾ ಘಟಕದ ಅನೇಕ ಮಂಚಗಳ ಪಕ್ಕದಲ್ಲಿ ಕೋನವನ್ನು ತೋರಿಸುವ ಪುಟ್ಟ ಮಾಪಕವೊಂದನ್ನು ಅಳವಡಿಸಿರುತ್ತಾರೆ.