ಅಧ್ಯಾಯ: ಊರ ಮಾತಿಗೆ ಊರ ಅಲೆ

ಎಫ್.ಎಂ. ಹುಟ್ಟಿನಿಂದಲೇ ಹತ್ತಿರದವರ ಬಾನುಲಿ. ಧಾರವಾಡ ಆಕಾಶವಾಣಿಯ ಮಧ್ಯಮ ತರಂಗ ನೆಲದ ಗುಂಟ ಬಹುದೂರ ಸಾಗುತ್ತದೆ, ರಾತ್ರಿ ಹೊತ್ತು ಆಗಸದ ಮೇಲ್ಪದರಕ್ಕೆ ತಾಗಿ ಮರಳಿ ಇನ್ನೂ ದೂರ ಮುಟ್ಟುತ್ತದೆ. 88ರಿಂದ 108 ಮೆಗಾಹರ್ಟ್ಸ್ ನಡುವಿನ ಎಫ್.ಎಂ. ಅಲೆ ಹಾಗಲ್ಲ. ಗೋಪುರದಿಂದ ಹೆಚ್ಚುಕಡಿಮೆ ನೇರವಾಗಿ ಹೊರಟು, ಗುಡ್ಡ ಅಡ್ಡ ಬಂದರೆ ಸೊರಗುತ್ತದೆ. ಸಾಮಾನ್ಯವಾಗಿ 50–60 ಕಿಲೋಮೀಟರ್ ದಾಟಿದ ಮೇಲೆ ಕ್ಷೀಣಿಸುತ್ತದೆ. ಆದರೆ ಆ ಅಳತೆಯೊಳಗೆ ದನಿ ಸ್ವಚ್ಛ. ಅಲೆಯ ಎತ್ತರದಲ್ಲಿ ಅಲ್ಲ, ಕಂಪನದ ಏರಿಳಿತದಲ್ಲಿ ದನಿ ಇರುವುದರಿಂದ ಗುಡುಗು-ಮಿಂಚಿನ ಗರಗರ ಅದನ್ನು ಅಷ್ಟಾಗಿ ಕೆಡಿಸದು.

ಹರಾಜಿಗೆ ಬಂದ ಅಲೆ

ಸರ್ಕಾರದ ಹೊರಗಿನ ಬಾನುಲಿ ಕನ್ನಡನಾಡಿಗೆ ಹೊಸದಲ್ಲ. 1935ರಲ್ಲಿ ಮೈಸೂರಿನ ಮನಶ್ಶಾಸ್ತ್ರ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಲ್ಲೇ ಒಂದು ಕೇಂದ್ರ ತೆರೆದರು. ಆಮೇಲೆ ದಶಕಗಳ ಕಾಲ ಅಲೆಗಳು ಸರ್ಕಾರದ ಕೈಯಲ್ಲೇ ಉಳಿದವು. ವಾಯುತರಂಗ ಸಾರ್ವಜನಿಕರ ಸ್ವತ್ತು ಎಂದು 1995ರಲ್ಲಿ ಸುಪ್ರೀಂ ಕೋರ್ಟ್ ತೀರ್ಪಿತ್ತಿತು. ಹರಾಜು ನಡೆದು, 2001ರ ಜುಲೈ 3ರಂದು ಬೆಂಗಳೂರಿನಲ್ಲಿ ರೇಡಿಯೊ ಸಿಟಿ ದನಿಯೆತ್ತಿತು. ದೇಶದ ಮೊದಲ ಖಾಸಗಿ ಎಫ್.ಎಂ. ಕೇಂದ್ರ ಅದು.

ಆಗಿನ ಪರವಾನಗಿ ಶುಲ್ಕ ವರ್ಷವರ್ಷವೂ ಶೇ 15ರಷ್ಟು ಏರುತ್ತಿತ್ತು. ಹರಾಜು ಗೆದ್ದ ಹಲವರು ಕೇಂದ್ರ ತೆರೆಯದೆ ಹಿಂದೆ ಸರಿದರು. 2005ರ ನೀತಿ ಈ ಹೊರೆ ಇಳಿಸಿ, ಆದಾಯದ ಶೇ 4ರಷ್ಟು ಪಾಲು ಕೇಳಿತು. ಆಗ ಮೈಸೂರು, ಮಂಗಳೂರು, ಕಲಬುರಗಿಗಳಿಗೂ ಖಾಸಗಿ ಎಫ್.ಎಂ. ಬಂತು. ಮಂಗಳೂರಿನಲ್ಲಿ ನಿರೂಪಕರು ತುಳುವಿನಲ್ಲೂ ಮಾತಾಡಿದರು. ಊರ ನುಡಿ ವ್ಯಾಪಾರಕ್ಕೆ ತೊಡಕಲ್ಲ, ಬಲ ಎಂಬುದಕ್ಕೆ ಅದೇ ಸಾಕ್ಷಿ.

ನಮ್ಮ ಸೀಮೆಯ ಸರದಿ

ಹರಪನಹಳ್ಳಿ, ಕೊಟ್ಟೂರು, ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿಗಳಿಗೆ ಈ ಖಾಸಗಿ ಅಲೆ ಬರಲಿಲ್ಲ. ಕೇಂದ್ರ ನಡೆಯುವುದು ಜಾಹೀರಾತಿನಿಂದ, ಜಾಹೀರಾತು ಹುಡುಕುವುದು ದೊಡ್ಡ ಪೇಟೆಯನ್ನು. ಇಲ್ಲಿನವರಿಗೆ ಎಫ್.ಎಂ. ಎಂದರೆ ಹೊಸಪೇಟೆ, ಚಿತ್ರದುರ್ಗದ ಆಕಾಶವಾಣಿಗಳೇ.

2024ರ ಆಗಸ್ಟ್‌ನಲ್ಲಿ ಕೇಂದ್ರ ಸಂಪುಟ 234 ಹೊಸ ನಗರಗಳಲ್ಲಿ 730 ವಾಹಿನಿಗಳ ಹರಾಜಿಗೆ ಒಪ್ಪಿತು. ಹೊಸಪೇಟೆ, ದಾವಣಗೆರೆ, ಬಳ್ಳಾರಿ, ಚಿತ್ರದುರ್ಗ ಆ ಪಟ್ಟಿಯಲ್ಲಿವೆ. ಹರಪನಹಳ್ಳಿ 1997ರಲ್ಲಿ ದಾವಣಗೆರೆ ಜಿಲ್ಲೆಗೆ ಸೇರಿ, ಮತ್ತೆ ಬಳ್ಳಾರಿಗೆ ಮರಳಿ, 2021ರಲ್ಲಿ ವಿಜಯನಗರ ಜಿಲ್ಲೆಗೆ ಬಂತು. ಅಲೆಗೆ ಜಿಲ್ಲೆಯ ಗಡಿ ತಿಳಿಯದು. ಹರಪನಹಳ್ಳಿಯಿಂದ ದಾವಣಗೆರೆ ಸುಮಾರು 50 ಕಿಲೋಮೀಟರ್, ಜಿಲ್ಲಾ ಕೇಂದ್ರ ಹೊಸಪೇಟೆ ಅದಕ್ಕಿಂತ ಬಹಳ ದೂರ. ಹೀಗಾಗಿ ಹರಪನಹಳ್ಳಿಗೆ ಮೊದಲು ಕೇಳಿಸುವ ಖಾಸಗಿ ದನಿ ದಾವಣಗೆರೆಯದೇ ಇರಬಹುದು, ಕೂಡ್ಲಿಗಿ, ಹಗರಿಬೊಮ್ಮನಹಳ್ಳಿಗಳಿಗೆ ಹೊಸಪೇಟೆಯದು.

ಖಾಸಗಿ ಎಫ್.ಎಂ. ಸ್ವಂತ ಸುದ್ದಿ ಬಿತ್ತರಿಸುವಂತಿಲ್ಲ, ಆಕಾಶವಾಣಿಯ ವಾರ್ತೆಯನ್ನು ಇದ್ದಂತೆ ಕೊಡಬಹುದು ಅಷ್ಟೆ. ಆದರೂ ಹೇಳಲು ಬೇಕಾದಷ್ಟಿದೆ: ಮೆಕ್ಕೆಜೋಳ, ಶೇಂಗಾ ಬೆಳೆಯುವವರ ಪಾಡು, ಕೊಟ್ಟೂರು ತೇರು, ಮೈಲಾರದ ಕಾರಣಿಕ, ಹಡಗಲಿ ಮಲ್ಲಿಗೆ, ಬಯಲಾಟದ ಕಲಾವಿದರ ಮಾತು.

ಹಾಡು ಎಲ್ಲ ಫೋನಿನಲ್ಲೂ ಸಿಗುತ್ತದೆ, ನಮ್ಮ ಸೀಮೆಯ ಮಾತು ಸಿಗದು. ಕೇಂದ್ರ ಎಷ್ಟು ಊರಿಗೆ ಕೇಳಿಸುತ್ತದೆ ಎನ್ನುವುದರ ಜೊತೆಗೆ, ಎಷ್ಟು ಊರಿನವರು ಅದರಲ್ಲಿ ಮಾತಾಡುತ್ತಾರೆ ಎಂಬುದನ್ನೂ ಕೇಳಬೇಕು. ಅಲೆ ಸಾರ್ವಜನಿಕರದ್ದು ಎಂದು ನ್ಯಾಯಾಲಯವೇ ಹೇಳಿದ ಮೇಲೆ ಹಾಗೆ ಕೇಳುವುದು ನಮ್ಮ ಹಕ್ಕು.