ಬುಡ ಕಡಿದರೂ ಬೀಳದ ಮರ

ತುರುವೇಕೆರೆ ಕಡೆಯ ನಮ್ಮ ತೋಟದ ಮನೆಯಲ್ಲಿ ಅವತ್ತು ಕಾಯಿ ಸುಲಿಯುತ್ತಿದ್ದರು. ಅಕ್ಕನ ಮಗಳು ಜಗಲಿಯ ಕಂಬಕ್ಕೆ ಒರಗಿ ನೋಟ್‌ಬುಕ್ಕಿನಲ್ಲಿ ಬರೆಯುತ್ತಾ ಕೂತಿದ್ದಳು. ಮೈನ್‌ಕ್ರಾಫ್ಟ್ ಎಂಬ ವಿಡಿಯೊ ಗೇಮಿನ ಲೋಕದಲ್ಲಿ ನಡೆಯುವ ಕಥೆಯಂತೆ. "ಆಡೋದು ಸಾಲದು ಅಂತ ಅದನ್ನ ಬರೀತಾಳೆ ಬೇರೆ" ಎಂದು ಅಕ್ಕ ಗೊಣಗಿದಳು. ಇಷ್ಟದ ಆಟದ ಊರು, ಪಾತ್ರ, ನಿಯಮಗಳನ್ನು ಇಟ್ಟುಕೊಂಡು ಅಭಿಮಾನಿಗಳೇ ಕಟ್ಟುವ ಇಂಥ ಕಥೆಗೆ ಫ್ಯಾನ್ ಫಿಕ್ಷನ್ ಎನ್ನುತ್ತಾರೆ. ಅದರ ಬಗ್ಗೆ ಮನೆಗಳಲ್ಲಿ ಕೇಳಿಬರುವ ನಾಲ್ಕು ಮಾತುಗಳನ್ನು ಇಲ್ಲಿ ಒರೆಗೆ ಹಚ್ಚೋಣ.

ತಪ್ಪು ಕಲ್ಪನೆ 1: ಕಥೆ ಆಟದಲ್ಲೇ ಇರುತ್ತದೆ, ಇಳಿಸಿಕೊಂಡರೆ ಆಯಿತು.

ಸತ್ಯ: 2011ರಲ್ಲಿ ಪೂರ್ಣ ರೂಪದಲ್ಲಿ ಬಂದ ಮೈನ್‌ಕ್ರಾಫ್ಟ್‌ನಲ್ಲಿ ಇಳಿಸಿಕೊಳ್ಳುವಂಥ ಕಥೆಯೇ ಇಲ್ಲ. ಅಲ್ಲಿನ ಹಳ್ಳಿಗರು ಮೂಗಿನಲ್ಲಿ ಹ್ಞೂಂ ಅನ್ನುತ್ತಾರೆ, ಅಷ್ಟೇ. ಅವರ ಹೆಸರು, ನಂಟು, ಜಗಳ, ಮಾತು ಎಲ್ಲವನ್ನೂ ಬರೆಯುವವರೇ ಹುಟ್ಟಿಸಬೇಕು. ಹಾಗೆಂದು ಮನಸ್ಸಿಗೆ ಬಂದದ್ದನ್ನು ಬರೆಯುವಂತಿಲ್ಲ, ಆ ಲೋಕದ ಕಟ್ಟಳೆ ಮೀರಿದರೆ ಓದುವವರು ತಕ್ಷಣ ಹಿಡಿಯುತ್ತಾರೆ. ಅಲ್ಲಿ ಒಂದು ಹಗಲೂ ಒಂದು ರಾತ್ರಿಯೂ ಸೇರಿ 20 ನಿಮಿಷ. ನಮ್ಮ ಹುಡುಗಿ ಇಬ್ಬರು ಗೆಳತಿಯರು ಬೆಂಕಿ ಕಾಯಿಸುತ್ತಾ ಮನಸ್ಸು ಬಿಚ್ಚಿ ಮಾತಾಡುವ ರಾತ್ರಿಯೊಂದನ್ನು ಬರೆದಿದ್ದಳು. ಆಟದ ರಾತ್ರಿ ಸುಮಾರು 7 ನಿಮಿಷ. ಗಡಿಯಾರ ಮುಂದಿಟ್ಟುಕೊಂಡು ಜೋರಾಗಿ ಓದಿದಳು, 12 ನಿಮಿಷ ಹಿಡಿಯಿತು. ಹತ್ತಿರಹತ್ತಿರ ಅರ್ಧ ಮಾತು ಹೊಡೆದು ಹಾಕಿದಳು.

ಇನ್ನೊಂದು ಕಷ್ಟ ಇತ್ತು. ಆ ಲೋಕದಲ್ಲಿ ಹಲವು ಜಾತಿಯ ಮರಗಳಿವೆ, ತೆಂಗು ಮಾತ್ರ ಇಲ್ಲ. ಇರುವ ಮರಗಳದ್ದೂ ವಿಚಿತ್ರ. ಕಾಂಡದ ಕೆಳಗಿನ ತುಂಡು ಕಡಿದು ತೆಗೆದರೂ ಮೇಲಿನ ಭಾಗ ಗಾಳಿಯಲ್ಲೇ ನಿಂತಿರುತ್ತದೆ. ಇದನ್ನು ಕೇಳಿದ ಅಜ್ಜಿ ಸುಲಿಯುವುದನ್ನು ನಿಲ್ಲಿಸಿ, "ಬುಡ ಕಡುದ್ರೆ ಮರ ಬೀಳಲ್ವೇನೇ? ಅದ್ಯಾವ ಸೀಮೆ ತೋಟ?" ಅಂದರು.

ತಪ್ಪು ಕಲ್ಪನೆ 2: ಒಂದು ರಾತ್ರಿ ಕೂತರೆ ಮುಗಿಯುತ್ತದೆ.

ಸತ್ಯ: ಲೆಕ್ಕ ಹಾಕಿ. ಶಾಲೆ, ಹೋಂವರ್ಕ್ ಮುಗಿಸಿದ ಮೇಲೆ ದಿನಕ್ಕೆ 300 ಪದ ಬರೆದರೂ 30,000 ಪದದ ಕಥೆಗೆ 100 ದಿನ ಬೇಕು. ಅದೂ ಒಂದು ಪದವನ್ನೂ ಹೊಡೆದು ಹಾಕದಿದ್ದರೆ. ನಮ್ಮ ಸೀಮೆಯವರಿಗೆ ಇದು ಅರ್ಥವಾಗದ ಮಾತಲ್ಲ. ತಿಪಟೂರಿನ ಮಾರುಕಟ್ಟೆಗೆ ಬರುವ ಉಂಡೆ ಕೊಬ್ಬರಿ ಅದಕ್ಕೆ ಮೊದಲು 8ರಿಂದ 12 ತಿಂಗಳು ಅಟ್ಟದ ಮೇಲೆ ಇದ್ದದ್ದು. ಒಳಗಿನ ನೀರು ತಾನಾಗಿ ಇಂಗಿ, ತಿರುಳು ಚಿಪ್ಪು ಬಿಟ್ಟು, ಅಲುಗಿಸಿದರೆ ಗುಡುಗುಡು ಅನ್ನಬೇಕು. ಅವಸರಪಟ್ಟು ಒಡೆದರೆ ಹಸಿ. ಕವಿ ಪಂಪ ತನ್ನ ಭಾರತವನ್ನು ಆರು ತಿಂಗಳಲ್ಲಿ, ಆದಿಪುರಾಣವನ್ನು ಮೂರು ತಿಂಗಳಲ್ಲಿ ಮುಗಿಸಿದೆನೆಂದು ತಾನೇ ಹೇಳಿಕೊಂಡಿದ್ದಾನೆ, ನಿಜ. ಆಗ ಅವನಿಗೆ 40ರ ಹತ್ತಿರ ವಯಸ್ಸು. ವ್ಯಾಸರ ಕಥೆ ಅವನೊಳಗೆ ಒಣಗಿದ ವರ್ಷಗಳು ಆ ಆರು ತಿಂಗಳಲ್ಲಿ ಸೇರಿಲ್ಲ. ಶ್ರೀರಾಮಾಯಣ ದರ್ಶನಂ ಬರೆಯಲು ಕುವೆಂಪು ಅವರಿಗೆ ಸುಮಾರು ಒಂಬತ್ತು ವರ್ಷ ಬೇಕಾಯಿತು.

ತಪ್ಪು ಕಲ್ಪನೆ 3: ಹೆಚ್ಚು ಆಡಿದವರು ಚೆನ್ನಾಗಿ ಬರೆಯುತ್ತಾರೆ.

ಸತ್ಯ: ಆಡಿ ಗೆಲ್ಲುವುದೇ ಒಂದು, ಓದುವವರನ್ನು ಹಿಡಿದು ಕೂರಿಸುವುದೇ ಇನ್ನೊಂದು. ಆಟದಲ್ಲಿ ಸತ್ತವನು ತನ್ನ ಹಾಸಿಗೆಯ ಪಕ್ಕದಲ್ಲಿ ಮತ್ತೆ ಎದ್ದು ನಿಲ್ಲುತ್ತಾನೆ. ಸಾವೇ ಇಲ್ಲದವನ ಕಥೆಯಲ್ಲಿ ಭಯ ಎಲ್ಲಿಂದ ಬರಬೇಕು? ಹುಡುಗಿ ವಾರಗಟ್ಟಲೆ ತಲೆಕೆಡಿಸಿಕೊಂಡು ಒಂದು ದಾರಿ ಕಂಡಳು. ಆ ಲೋಕದಲ್ಲಿ ಮೂಳೆ ತಿನ್ನಿಸಿ ತೋಳವನ್ನು ಸಾಕಿಕೊಳ್ಳಬಹುದು. ಯಜಮಾನ ಎಷ್ಟು ಸಲ ಸತ್ತರೂ ಏಳುತ್ತಾನೆ, ಸಾಕಿದ ಪ್ರಾಣಿ ಸತ್ತರೆ ಸತ್ತಂತೆಯೇ. ಕಥೆಯ ಭಯವನ್ನೆಲ್ಲ ಅವಳು ಆ ತೋಳದ ಮೇಲೆ ಹೊರಿಸಿದಳು. ಆಡುವಾಗ ಎಲ್ಲರೂ ಕಂಡದ್ದೇ ಅದು. ಬರೆಯಲು ಕೂತಾಗಲೇ ಅದರ ತೂಕ ಗೊತ್ತಾದದ್ದು.

ಕೊನೆ ಗೊತ್ತಿದ್ದರೂ ಜನರನ್ನು ಹಿಡಿದು ಕೂರಿಸಬೇಕಾದ ಪಾಡು ನಮ್ಮ ಹಳ್ಳಿಗಳ ಕುರುಕ್ಷೇತ್ರ ನಾಟಕದ್ದೂ ಹೌದು. ದುರ್ಯೋಧನ ಬೀಳುತ್ತಾನೆಂದು ಯಾರಿಗೆ ಗೊತ್ತಿಲ್ಲ? ಆದರೂ ಹಾರ್ಮೋನಿಯಂ ಮೇಷ್ಟ್ರು ತಿಂಗಳುಗಟ್ಟಲೆ ರಾತ್ರಿ ಹೊತ್ತು ಅಭ್ಯಾಸ ಮಾಡಿಸುತ್ತಾರೆ. ಗೊತ್ತಿರುವ ಕಥೆಯಾದ್ದರಿಂದಲೇ ತಪ್ಪಿದ ಒಂದು ಪದವನ್ನೂ ಜನ ಬಿಡುವುದಿಲ್ಲ.

ತಪ್ಪು ಕಲ್ಪನೆ 4: ಇದೆಲ್ಲ ಕದ್ದ ಸರಕು.

ಸತ್ಯ: ಶಾಕುಂತಲದ ಕಥೆ ಮಹಾಭಾರತದ್ದೇ, ಆದರೆ ದೂರ್ವಾಸನ ಶಾಪ ಅಲ್ಲಿಲ್ಲ, ಕಾಳಿದಾಸ ತಂದದ್ದು. ಹಳೆಯ ಕಥೆಗೆ ಹೀಗೆ ಹೊಸ ತಿರುವು ಕೊಡುವುದನ್ನು ಕಾವ್ಯಮೀಮಾಂಸಕ ಕುಂತಕ ಪ್ರಕರಣ ವಕ್ರತೆ ಎಂದು ಕರೆದು ಕವಿಯ ಹಿರಿಮೆಗೇ ಸೇರಿಸಿದ. ಕುಂತಕನಂಥ ಮೀಮಾಂಸಕರನ್ನು ಕನ್ನಡಿಗರ ಮನೆಗೆ ಕರೆತಂದ 'ಭಾರತೀಯ ಕಾವ್ಯಮೀಮಾಂಸೆ' ಬರೆದ ತೀ.ನಂ.ಶ್ರೀ. ದೂರದವರೇನಲ್ಲ, 1906ರಲ್ಲಿ ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರದಲ್ಲಿ ಹುಟ್ಟಿದವರು. ಆದರೆ ವ್ಯಾಸರ ಕಥೆಗೆ ಮಾಲೀಕರಿಲ್ಲ, ಆಟಕ್ಕೆ ಇದ್ದಾರೆ. ಮೈನ್‌ಕ್ರಾಫ್ಟ್ ತಯಾರಿಸಿದ ಮೊಜಾಂಗ್ ಕಂಪನಿಯನ್ನು 2014ರಲ್ಲಿ ಮೈಕ್ರೋಸಾಫ್ಟ್ ಕೊಂಡಿತು. ಅಭಿಮಾನಕ್ಕೆ ಬರೆದು ಗೆಳೆಯರಿಗೆ ಓದಿಸುವುದು ಬೇರೆ, ಪುಸ್ತಕ ಮಾಡಿ ಮಾರುವುದು ಬೇರೆ. ಮಾರುವ ಮುನ್ನ ಮಾಲೀಕರ ಷರತ್ತು ನೋಡಬೇಕು, ಅಗತ್ಯವಿದ್ದರೆ ಒಪ್ಪಿಗೆ ಪಡೆಯಬೇಕು.

ಮುಂದಿನ ಸಲ ಹೋದಾಗ ಹುಡುಗಿ ನೋಟ್‌ಬುಕ್ಕನ್ನು ನನ್ನ ಕೈಗೆ ಕೊಟ್ಟಳು. ಕಥೆಗೆ ಹೊಸದಾಗಿ ಒಬ್ಬ ಮುದುಕಿ ಬಂದಿದ್ದಳು. ಎಲ್ಲಿಂದಲೋ ಆ ಊರಿಗೆ ಬಂದವಳು, ತೆಂಗನ್ನು ಕಂಡವಳು. ಬುಡ ಕಡಿದರೂ ಬೀಳದ ಮರವನ್ನು ನೋಡಿ ಊರಿಗೆಲ್ಲ ಹೆದರಿದವಳು ಅವಳೊಬ್ಬಳೇ. "ಅಜ್ಜಿ ಅವತ್ತು ಕೇಳಿದ್ರಲ್ಲ ಮಾಮ, ಆ ಒಂದು ಮಾತಿಗೆ ಮೂರನೇ ಅಧ್ಯಾಯನ ನಾಲ್ಕು ಸಲ ಬರೆದೆ" ಅಂದಳು. ಒಳಗಿನಿಂದ ಅಕ್ಕ, "ಆಮೇಲೆ ಆ ಮುದುಕಿ ಏನು ಮಾಡಿದ್ಲು?" ಎಂದು ಕೇಳಿದಳು.