ವೆಬ್ ಫಾಂಟ್ ವಿಳಾಸಗಳು ಮತ್ತು ಜಾಲತಾಣದ ಸ್ಥಳಾಂತರ

ಜಾಲಪುಟವೊಂದನ್ನು ನಿಗದಿತ ಅಕ್ಷರಶೈಲಿಯಲ್ಲಿ ತೋರಿಸಲು ಬ್ರೌಸರ್ ಅಂತರಜಾಲದಿಂದ ಇಳಿಸಿಕೊಳ್ಳುವ ಕಡತವನ್ನು ವೆಬ್ ಫಾಂಟ್ ಎನ್ನುತ್ತಾರೆ. ಈ ಕಡತ ಇರುವ ಸ್ಥಳವನ್ನು ಸಿಎಸ್‌ಎಸ್ ಕಡತದಲ್ಲಿ ‘ಫಾಂಟ್-ಫೇಸ್’ ಎಂಬ ನಿಯಮದ ಅಡಿಯಲ್ಲಿ ಯುಆರ್‌ಎಲ್ ಆಗಿ ನಮೂದಿಸಲಾಗುತ್ತದೆ. ತಾಣವನ್ನು ಬೇರೆ ಡೊಮೈನ್‌ಗೆ ಅಥವಾ ಸರ್ವರ್‌ಗೆ ಸ್ಥಳಾಂತರಿಸಿದಾಗ ಫಾಂಟ್ ಉಳಿಯುವುದೋ ಕಾಣೆಯಾಗುವುದೋ ಎಂಬುದು ಬಹುಮಟ್ಟಿಗೆ ಆ ವಿಳಾಸದ ಬಗೆಯನ್ನು ಅವಲಂಬಿಸಿದೆ.

ವಿಳಾಸದ ಬಗೆಗಳು

* ನಿರಪೇಕ್ಷ ವಿಳಾಸ: ಎಚ್‌ಟಿಟಿಪಿಎಸ್, ಡೊಮೈನ್ ಹೆಸರು ಮತ್ತು ಕಡತದ ದಾರಿ, ಇವೆಲ್ಲವನ್ನೂ ಒಳಗೊಂಡಿರುತ್ತದೆ. ಇದು ಊರು, ಬೀದಿ, ಮನೆ ಸಂಖ್ಯೆಗಳಿರುವ ಅಂಚೆ ವಿಳಾಸದಂತೆ.
* ಸಾಪೇಕ್ಷ ವಿಳಾಸ: ‘../ಫಾಂಟ್ಸ್/’ ಎಂಬಂತೆ ಬರೆಯಲಾಗುತ್ತದೆ. ‘ಪಕ್ಕದ ಮನೆ’ ಎಂದು ಹೇಳಿದಂತೆ. ದಾರಿಯನ್ನು ಸಿಎಸ್‌ಎಸ್ ಕಡತ ಇರುವ ಸ್ಥಳದಿಂದ ಎಣಿಸಲಾಗುತ್ತದೆಯೇ ಹೊರತು ಅದನ್ನು ಬಳಸುವ ಪುಟದಿಂದಲ್ಲ.
* ಮೂಲಸಾಪೇಕ್ಷ ವಿಳಾಸ: ‘/’ ಚಿಹ್ನೆಯಿಂದ ಆರಂಭವಾಗುತ್ತದೆ, ದಾರಿಯನ್ನು ಡೊಮೈನ್‌ನ ಬುಡದಿಂದ ಎಣಿಸಲಾಗುತ್ತದೆ.

ಇವುಗಳ ಸಾಮಾನ್ಯ ನಿಯಮಗಳನ್ನು 2005ರಲ್ಲಿ ಪ್ರಕಟವಾದ ಆರ್‌ಎಫ್‌ಸಿ 3986 ವಿವರಿಸುತ್ತದೆ.

ಸ್ಥಳಾಂತರದ ತೊಡಕುಗಳು

ನಿರಪೇಕ್ಷ ವಿಳಾಸವು ಸ್ಥಳಾಂತರದ ನಂತರವೂ ಹಳೆಯ ಡೊಮೈನನ್ನೇ ಸೂಚಿಸುತ್ತದೆ. ಚಿತ್ರಗಳಾದರೆ ಹಳೆಯ ಸರ್ವರ್‌ನಿಂದಲೂ ಸಾಮಾನ್ಯವಾಗಿ ಬರುತ್ತವೆ, ಫಾಂಟ್‌ಗಳು ಹಾಗಲ್ಲ. ಬೇರೆ ಮೂಲದ ಫಾಂಟನ್ನು ಬಳಸಲು ಆ ಸರ್ವರ್ ‘ಕಾರ್ಸ್’ ಪದ್ಧತಿಯಂತೆ ಅನುಮತಿ ನೀಡಿರಬೇಕು. ‘ಡಬ್ಲ್ಯುಡಬ್ಲ್ಯುಡಬ್ಲ್ಯು’ ಇರುವ ಮತ್ತು ಇಲ್ಲದ ಹೆಸರುಗಳೂ ಬೇರೆ ಬೇರೆ ಮೂಲಗಳೆಂದೇ ಪರಿಗಣಿತವಾಗುತ್ತವೆ. ಪುಟವು ಎಚ್‌ಟಿಟಿಪಿಎಸ್‌ಗೆ ಬದಲಾಗಿ ಫಾಂಟ್ ವಿಳಾಸ ಎಚ್‌ಟಿಟಿಪಿಯಲ್ಲೇ ಉಳಿದರೂ ಬ್ರೌಸರ್ ಅದನ್ನು ತಡೆಯಬಹುದು. ಅನುಮತಿ ಇದ್ದಲ್ಲಿ ದೋಷವು ಮರೆಯಾಗಿಯೇ ಉಳಿದು, ಹಳೆಯ ಸರ್ವರ್ ಮುಚ್ಚಿದ ದಿನ ಬಯಲಾಗುತ್ತದೆ.

ಸಾಪೇಕ್ಷ ವಿಳಾಸಕ್ಕೆ ಈ ತೊಡಕುಗಳಿಲ್ಲ. ಆದರೆ ಸಿಎಸ್‌ಎಸ್ ಕಡತವನ್ನಷ್ಟೇ ಬೇರೆ ಕಡತಕೋಶಕ್ಕೆ ಸರಿಸಿದರೆ ಅದರ ದಾರಿ ತಪ್ಪುತ್ತದೆ. ತಾಣವನ್ನು ಉಪಕೋಶವೊಂದರೊಳಗೆ ಇರಿಸಿದರೆ ಮೂಲಸಾಪೇಕ್ಷ ವಿಳಾಸ ಕೆಡುತ್ತದೆ.

ಕನ್ನಡ ತಾಣಗಳಲ್ಲಿ

ಯುನಿಕೋಡ್ ಪಠ್ಯವಾದರೆ, ಫಾಂಟ್ ಬಾರದಿದ್ದರೂ ಸಾಧನದಲ್ಲಿರುವ ಬೇರೊಂದು ಕನ್ನಡ ಫಾಂಟ್‌ನಿಂದ ಅದನ್ನು ಓದಬಹುದು. ಅದೂ ಇಲ್ಲದಿದ್ದರೆ ಚೌಕಗಳು ಕಾಣುತ್ತವೆ. ಯುನಿಕೋಡ್‌ಪೂರ್ವದ ಆಸ್ಕಿ ಆಧಾರಿತ ಫಾಂಟ್‌ಗಳಲ್ಲಿ ಅಳವಡಿಸಿದ ಬರಹದ ಸ್ಥಿತಿ ಭಿನ್ನ. ಅಲ್ಲಿ ಫಾಂಟ್ ತಪ್ಪಿದೊಡನೆ ಇಡೀ ಪಠ್ಯವು ಅರ್ಥವಿಲ್ಲದ ರೋಮನ್ ಅಕ್ಷರಗಳ ಸಾಲಾಗುತ್ತದೆ. ಅಂತಹ ಹಳೆಯ ತಾಣಗಳನ್ನು ಸ್ಥಳಾಂತರಿಸುವಾಗ ಪಠ್ಯವನ್ನು ಯುನಿಕೋಡ್‌ಗೆ ಪರಿವರ್ತಿಸುವುದೇ ಶಾಶ್ವತ ಪರಿಹಾರ.

ಅನುಸರಿಸಬೇಕಾದ ಕ್ರಮ

1. ಫಾಂಟ್ ಕಡತಗಳನ್ನೂ ತಾಣದ ಜೊತೆಗೇ ನಕಲಿಸಿ, ಸಾಪೇಕ್ಷ ವಿಳಾಸ ಬಳಸುವುದು.
2. ಸಿಎಸ್‌ಎಸ್ ಕಡತಗಳಲ್ಲಿಯೂ ದತ್ತಸಂಚಯದಲ್ಲಿಯೂ ಹಳೆಯ ಡೊಮೈನ್ ಹೆಸರನ್ನು ಹುಡುಕಿ ಬದಲಿಸುವುದು.
3. ಫಾಂಟ್ ಬೇರೆ ಸರ್ವರ್‌ನಲ್ಲಿಯೇ ಇರಬೇಕಾದರೆ ನಿರಪೇಕ್ಷ ವಿಳಾಸ ನೀಡಿ, ಕಾರ್ಸ್ ಅನುಮತಿಯನ್ನು ಖಚಿತಪಡಿಸಿಕೊಳ್ಳುವುದು.
4. ಬ್ರೌಸರ್‌ನ ಸಂಗ್ರಹವನ್ನು ಅಳಿಸಿ, ಫಾಂಟ್ ಯಾವ ವಿಳಾಸದಿಂದ ಬರುತ್ತಿದೆ ಎಂಬುದನ್ನು ಪರೀಕ್ಷಿಸಿದ ನಂತರವೇ ಹಳೆಯ ಸರ್ವರನ್ನು ಮುಚ್ಚುವುದು.